ಹೊಗೆಯಾಡದ ಹೊಲ

ಅಕ್ಟೋಬರ್ 22

ಮಗಳೇ,

ಇಲ್ಲಿ ಫೋನು ನರ್ಸಮ್ಮನ ಮೇಜಿನ ಮೇಲಿದೆ. ನಾನು ಹೋಗಿ ರಿಸೀವರ್ ಎತ್ತಿದರೆ ಸಾಕು, ವಾರ್ಡಿನವರೆಲ್ಲ ಕೆಮ್ಮುವುದನ್ನೂ ನಿಲ್ಲಿಸಿ ಕಿವಿ ಕೊಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಉತ್ತರ ಬರೆದಾಗ ಲಕೋಟೆಯನ್ನು ಗಟ್ಟಿಯಾಗಿ ಅಂಟಿಸು. ಪಕ್ಕದ ಮಂಚದಲ್ಲಿರುವ ರೈಲ್ವೆ ಗಾರ್ಡು ರಿಟೈರಾಗಿ ಎಷ್ಟೋ ವರ್ಷವಾಗಿದೆಯಂತೆ, ಆದರೆ ಬೇರೆಯವರ ಸಾಮಾನಿನ ಮೇಲೆ ಕಣ್ಣಿಡುವ ಅಭ್ಯಾಸ ಇನ್ನೂ ಹೋಗಿಲ್ಲ.

ಭತ್ತದ ಕಟಾವು ಮುಗಿಯಿತೆಂದು ಬರೆದಿದ್ದೀಯ. ಸಂತೋಷ. ಆಮೇಲೆ? ಹೊಲದಲ್ಲಿ ಉಳಿದ ಕೂಳೆ-ಹುಲ್ಲಿಗೆ ಬೆಂಕಿ ಹಾಕಿದೆಯಾ? ಗಾಳಿ ಯಾವ ಕಡೆಗಿತ್ತು? ಬೆಂಕಿ ಹರಡದ ಹಾಗೆ ಮೊದಲು ಬದುವಿನ ಸುತ್ತ ಕೆರೆದು ದಾರಿ ಬಿಟ್ಟೆಯಾ? ಇದು ಒಂದೂ ಪತ್ರದಲ್ಲಿಲ್ಲ. ಬೆಕ್ಕು ಮರಿ ಹಾಕಿದ ಕಥೆಯನ್ನು ಅರ್ಧ ಪುಟ ಬರೆದಿದ್ದೀಯ. ಯಾರಾದರೂ ಏನನ್ನಾದರೂ ಮುಚ್ಚಿಡಬೇಕಾದಾಗಲೇ ಬೆಕ್ಕಿನ ವಿಷಯ ಬರೆಯುವುದು. ನನಗೂ ವಯಸ್ಸಾಗಿದೆ, ಅಷ್ಟು ಗೊತ್ತಾಗುತ್ತದೆ.

ಇನ್ನೊಂದು ಮಾತು. ಹೋದ ಸಲ ನೀನು ಬಂದಾಗ ಡಾಕ್ಟರಮ್ಮ ನಿನ್ನನ್ನು ವರಾಂಡದ ಕಂಬದ ಹಿಂದೆ ಕರೆದುಕೊಂಡು ಹೋಗಿ ಮಾತಾಡಿದರು. ಕಿಟಕಿಯಿಂದ ನೋಡಿದೆ. ನಾನು ಹೊರಗೆ ಬಂದ ತಕ್ಷಣ ಇಬ್ಬರೂ ಬಾಯಿ ಮುಚ್ಚಿದಿರಿ, ನೀನು ಬಂದು ನನ್ನ ಮಫ್ಲರ್ ಸರಿ ಮಾಡಿದೆ. ನನ್ನ ಮಫ್ಲರ್ ಸರಿಯಾಗಿಯೇ ಇತ್ತು.

ಉಸಿರು ಈಗ ಪರವಾಗಿಲ್ಲ. ಮೆಟ್ಟಿಲು ಹತ್ತುತ್ತೇನೆ, ಮೇಲೆ ಹೋಗಿ ಸ್ವಲ್ಪ ಹೊತ್ತು ಗೋಡೆ ಹಿಡಿದುಕೊಳ್ಳುತ್ತೇನೆ, ಅಷ್ಟೇ. ಮನೆಗೆ ಕಳಿಸಿ ಎಂದರೆ ಡಾಕ್ಟರಮ್ಮ, "ನೋಡೋಣ ಯಜಮಾನ್ರೇ, ಗಾಳಿ ಸರಿಹೋಗ್ಲಿ" ಎನ್ನುತ್ತಾರೆ. ಗಾಳಿಗೆ ಏನಾಗಿದೆ? ಗೋಧಿ ಮೊಳೆಯುವ ಹೊತ್ತಿಗೆ ನಾನು ನನ್ನ ಬದುವಿನ ಮೇಲೆ ನಿಂತಿರದ ವರ್ಷವೇ ಇಲ್ಲ. ಈ ಸಲವೂ ನಿಲ್ಲಬೇಕು. ಮುಂದಿನ ಸಲಕ್ಕೆ ನಾನು ಇರುತ್ತೇನೋ ಇಲ್ಲವೋ ಯಾರಿಗೆ ಗೊತ್ತು.

ನಿನ್ನ ಅಪ್ಪ


ಅಕ್ಟೋಬರ್ 27

ಅಪ್ಪಾ,

ಗೋಂದು ಹಚ್ಚಿ, ಮೇಲೆ ಟೇಪು ಕೂಡ ಸುತ್ತಿದ್ದೇನೆ. ಬಿಚ್ಚುವಾಗ ಪತ್ರ ಹರಿದರೆ ನನ್ನನ್ನು ಬೈಯಬೇಡ.

ಬಿತ್ತನೆ ಮುಗಿಯಿತು. ಹದ ಚೆನ್ನಾಗಿತ್ತು. ಬೀಜ ನೀನು ಮೂಟೆ ಕಟ್ಟಿ ಅಟ್ಟದ ಮೇಲಿಟ್ಟಿದ್ದೇ. ಮೊಳಕೆ ಪರೀಕ್ಷೆಯನ್ನೂ ಮಾಡಿದೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ನೀನು ಮಾಡುವ ಹಾಗೆಯೇ. ನೀನು ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡ. ಟೈಲರಿಂಗ್ ಅಂಗಡಿಗೆ ಬೀಗ ಹಾಕಿದ್ದೇನೆ, ಗೋಧಿ ಒಂದು ಹಂತಕ್ಕೆ ಬರುವವರೆಗೆ ತೆಗೆಯುವುದಿಲ್ಲ. ಗಿರಾಕಿಗಳು ಬೈಯುತ್ತಿದ್ದಾರೆ, ಬೈಯಲಿ.

ಗೋಧಿ ಎದ್ದ ಮೇಲೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಡಾಕ್ಟರಮ್ಮನಿಗೂ ಹಾಗೇ ಹೇಳಿದ್ದೇನೆ. ಕಂಬದ ಹಿಂದೆ ಮಾತಾಡಿದ್ದು ಮಾತ್ರೆಗಳ ವಿಷಯ.

ಬೆಕ್ಕಿನ ಮರಿಗಳು ಕಣ್ಣು ಬಿಟ್ಟಿವೆ.

ಮಗಳು


ನವೆಂಬರ್ 1

ಮಗಳೇ,

ಮತ್ತೆ ಬೆಕ್ಕು.

ನಿನ್ನೆ ಪಂಪ್ ರಿಪೇರಿಯವನು ಬಂದಿದ್ದ. ಸಾಮಾನು ಕೊಳ್ಳಲು ಪೇಟೆಗೆ ಬಂದವನು, ಹಳೆಯ ಗೆಳೆಯ ಬದುಕಿದ್ದಾನೋ ನೋಡೋಣ ಎಂದು ಹತ್ತಿ ಬಂದನಂತೆ. ಮಂಚದ ಮೇಲೆ ಕೂತು ಅದೂ ಇದೂ ಮಾತಾಡಿದ. ಹೊಲದ ವಿಷಯ ಎತ್ತಿದರೆ ಟೋಪಿ ತೆಗೆದು ತಲೆ ಕೆರೆದುಕೊಂಡ. ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟ: "ನಾನು ದಿನಾ ಆ ರಸ್ತೇಲೇ ಹೋಗ್ತೀನಪ್ಪಾ. ನಿನ್ನ ಹೊಲದಲ್ಲಿ ಬರೀ ಹುಲ್ಲು ಬಿದ್ದಿದೆ. ಬೆಂಕಿ ಹಾಕಿಲ್ಲ, ಉತ್ತಿಲ್ಲ, ಒಂದು ಗೆರೆ ಕೂಡ ಇಲ್ಲ. ನಾನು ಸುಳ್ಳು ಹೇಳಿದ್ರೆ ನನ್ನ ಕಣ್ಣು ಹೋಗ್ಲಿ."

ಬಿತ್ತನೆ ಮುಗಿಯಿತು ಎಂದು ಬರೆದಿದ್ದೀಯಲ್ಲ, ಎಲ್ಲಿ ಬಿತ್ತಿದೆ? ಅಟ್ಟದ ಮೇಲಾ?

ನಾನು ಈಗ ಎಲ್ಲವನ್ನೂ ಜೋಡಿಸಿ ನೋಡುತ್ತಿದ್ದೇನೆ. ಕಂಬದ ಹಿಂದಿನ ಮಾತು. ನನ್ನನ್ನು ಇಲ್ಲೇ ಇರಿಸಿಕೊಳ್ಳುವ ಡಾಕ್ಟರಮ್ಮ. ಉಳುಮೆ ಕಾಣದ ಹೊಲ. ಪಕ್ಕದ ಹೊಲದ ಮೀಸೆಯವನಿಗೆ ನಮ್ಮ ಭೂಮಿಯ ಮೇಲೆ ಮೊದಲಿನಿಂದಲೂ ಆಸೆ. ಅವನಿಗೆ ಗುತ್ತಿಗೆಗೆ ಕೊಟ್ಟೆಯಾ? ಇಲ್ಲ, ಮಾರಿಯೇ ಬಿಟ್ಟೆಯಾ? ಬಟ್ಟೆ ಹೊಲಿಯುವುದೇ ಸುಖ ಅನ್ನಿಸಿದ್ದರೆ ನೇರವಾಗಿ ಹೇಳಬಹುದಿತ್ತು. ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದೆ, ಆದರೆ ಈ ರೀತಿ ಸುಳ್ಳು ಹೇಳಿಸಿಕೊಳ್ಳುತ್ತಿರಲಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ನಿನಗೆ ಈ ಧೈರ್ಯ ಬರುತ್ತಿತ್ತಾ?

ಉತ್ತರ ಬೇಗ ಬರಬೇಕು.

ಅಪ್ಪ


ನವೆಂಬರ್ 5

ಅಪ್ಪಾ,

ಹೊಲವನ್ನು ಮಾರಿ ಆ ದುಡ್ಡಿನಲ್ಲಿ ಬೆಕ್ಕಿನ ಮರಿಗಳಿಗೆ ಒಂದು ಬಂಗಲೆ ಕಟ್ಟಿಸಿದ್ದೇನೆ. ಸಮಾಧಾನವಾಯಿತಾ?

ಈಗ ಸರಿಯಾಗಿ ಕೇಳು. ನಾನು ಕೂಳೆಗೆ ಬೆಂಕಿ ಹಾಕಲಿಲ್ಲ. ಉಳಲೂ ಇಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಒಂದು ಹೊಸ ಕೂರಿಗೆ ಬಂದಿದೆ. ಅದು ಮುಂದೆ ಬಿದ್ದ ಹುಲ್ಲನ್ನು ಕತ್ತರಿಸುತ್ತದೆ, ನೆಲದಲ್ಲಿ ಒಂದು ಸೀಳು ಬಿಡಿಸುತ್ತದೆ, ಬೀಜ ಗೊಬ್ಬರ ಎರಡನ್ನೂ ಅದರೊಳಗೆ ಇಳಿಸಿ ಹುಲ್ಲನ್ನು ಮತ್ತೆ ಮೇಲೆ ಹೊದಿಸಿ ಹೋಗುತ್ತದೆ. ದಪ್ಪ ಕೌದಿಗೆ ಸೂಜಿ ಹಾಕಿದ ಹಾಗೆ. ಹೊಲಿಗೆ ಒಳಗಿರುತ್ತದೆ, ಮೇಲೆ ನೋಡಿದರೆ ಬಟ್ಟೆ ಮಾತ್ರ. ಪಂಪಿನ ಚಿಕ್ಕಪ್ಪ ರಸ್ತೆಯಲ್ಲಿ ಸೈಕಲ್ ಮೇಲಿಂದ ನೋಡಿದರೆ ಅವರಿಗೆ ಹುಲ್ಲಲ್ಲದೆ ಇನ್ನೇನು ಕಾಣಬೇಕು? ಇಳಿದು ಬಂದು ನೋಡಿದ್ದರೆ ಆಗುತ್ತಿತ್ತು.

ಡ್ರೈವರ್ ಬೆಳಿಗ್ಗೆ ಬೇಗ ಬಂದು ಇಬ್ಬನಿಯ ಹುಲ್ಲಿನಲ್ಲೇ ಮಿಷನ್ ಇಳಿಸಿಬಿಟ್ಟ. ಒದ್ದೆ ಹುಲ್ಲು ಬ್ಲೇಡಿಗೆ ಸುತ್ತಿಕೊಂಡು ಕೂತಿತು. ಇಬ್ಬರೂ ಕೂತು ಕುಡುಗೋಲಿನಿಂದ ಬಿಡಿಸಿದೆವು. ಬಿಸಿಲೇರಿದ ಮೇಲೆ ಹುಲ್ಲು ಗರಿಗರಿಯಾಯಿತು, ಮಿಷನ್ ಸಲೀಸಾಗಿ ಓಡಿತು. ಇದನ್ನೆಲ್ಲ ನಿನಗೆ ಮೊದಲೇ ಬರೆದಿದ್ದರೆ ನೀನು ಆಸ್ಪತ್ರೆಯ ಕಿಟಕಿಯಿಂದ ಹಾರಿ ಬರುತ್ತಿದ್ದೆ ಎಂದು ಬರೆಯಲಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ಈಗ ಕೇಳಬೇಡ. ಮನೆಗೆ ಬಂದ ಮೇಲೆ ಹೇಳುತ್ತೇನೆ. ಒಂದು ಫೋಟೋ ಇಟ್ಟಿದ್ದೇನೆ.

ಮೀಸೆ ಮಾವನಿಗೆ ಹೊಲ ಕೊಡುವುದಿರಲಿ, ಅವರ ಹೊಲದ ಬಗ್ಗೆ ನನ್ನದೇ ಒಂದು ತಲೆನೋವಿದೆ. ಅದೂ ಆಮೇಲೆ.

ಮಗಳು


ನವೆಂಬರ್ 9

ಮಗಳೇ,

ಫೋಟೋ ನೋಡಿದೆ. ಹುಲ್ಲು ಇದೆ, ನಿನ್ನ ಚಪ್ಪಲಿ ಇದೆ, ಬೆಕ್ಕಿನ ಬಾಲವೂ ಇದೆ. ಗೋಧಿ ಎಲ್ಲಿದೆ? ಮೂಲೆಯಲ್ಲಿ ಏನೋ ನಾಲ್ಕು ಹಸಿರು ಕಡ್ಡಿ ಇದ್ದ ಹಾಗಿದೆ. ಅದು ಕಳೆಯಾದರೂ ಆಗಬಹುದು, ಯಾರದ್ದೋ ಹೊಲವಾದರೂ ಆಗಬಹುದು. ನೀನು ಫೋಟೋ ಕಳಿಸಿದ್ದೇ ನನಗೆ ಅನುಮಾನ. ಸತ್ಯ ಹೇಳುವವರು ಫೋಟೋ ಕಳಿಸುವುದಿಲ್ಲ.

ಕೂರಿಗೆಯ ಕಥೆ ಚೆನ್ನಾಗಿದೆ. ಒಪ್ಪುತ್ತೇನೆ ಎಂದೇ ಇಟ್ಟುಕೋ. ಅಷ್ಟು ಹುಲ್ಲಿನ ಕೆಳಗೆ ಮೊಳಕೆ ಉಸಿರಾಡುವುದು ಹೇಗೆ? ಉಸಿರು ಕಟ್ಟುವುದು ಎಂದರೆ ಏನೆಂದು ಈಗ ನನ್ನನ್ನು ಕೇಳು, ಹೇಳುತ್ತೇನೆ. ಇಲಿಗಳಿಗೆ ಮಂಚ ಹಾಸಿಗೆ ಎಲ್ಲ ಹಾಸಿ ಕೊಟ್ಟಿದ್ದೀಯ. ಹುಲ್ಲು ಸುಟ್ಟು, ಉತ್ತು, ನೆಲವನ್ನು ಅಂಗೈಯ ಹಾಗೆ ಮಾಡಿಯೇ ನಮ್ಮ ಅಪ್ಪ ಬಿತ್ತಿದ್ದು, ನಾನು ಬಿತ್ತಿದ್ದು. ನಿನಗೆ ಅನ್ನ ಸಿಕ್ಕಿದ್ದೂ ಅದರಿಂದಲೇ.

ಯಾಕೆ ಎಂದು ಕೇಳಬೇಡ ಎನ್ನುತ್ತೀಯ. ಹೊಲ ನನ್ನದು, ಕೇಳಬಾರದೆಂದರೆ ಹೇಗೆ? ನೀನು ಯಾರ ಮಾತು ಕೇಳಿ ಕುಣಿಯುತ್ತಿದ್ದೀಯ ಎನ್ನುವುದು ಇವತ್ತಲ್ಲ ನಾಳೆ ಗೊತ್ತಾಗುತ್ತದೆ.

ಇನ್ನೂ ಕಾಲ ಮಿಂಚಿಲ್ಲ. ಈಗಲೂ ಸುಟ್ಟು ಉತ್ತರೆ ಸ್ವಲ್ಪ ತಡವಾದ ಬಿತ್ತನೆಯಾದೀತು, ಬೆಳೆಯಂತೂ ಕೈಗೆ ಬರುತ್ತದೆ. ನಾನು ಒಂದು ಏರ್ಪಾಟು ಮಾಡಿದ್ದೇನೆ. ಏನೆಂದು ನಿನಗೆ ಹೇಳುವುದಿಲ್ಲ. ನೀನು ನನಗೆ ಹೇಳುತ್ತೀಯಾ?

ಅಪ್ಪ


ನವೆಂಬರ್ 10

ಅಪ್ಪಾ,

ನಿನ್ನ ಉತ್ತರಕ್ಕೆ ಕಾಯಲು ನನ್ನಿಂದಾಗಲಿಲ್ಲ. ಎದ್ದಿದೆ! ಇಡೀ ಹೊಲ ಎದ್ದಿದೆ. ರಸ್ತೆಯಿಂದ ನೋಡಿದರೆ ಈಗಲೂ ಹಳದಿಯೇ. ಬದುವಿನ ಮೇಲೆ ಕೂತು, ಕಣ್ಣನ್ನು ಹುಲ್ಲಿನ ಮಟ್ಟಕ್ಕೆ ತಂದು ಸಾಲಿನ ಉದ್ದಕ್ಕೆ ನೋಡಿದರೆ ಆ ಕೊನೆಯವರೆಗೂ ಹಸಿರು. ಕೆಳಗೆ ನೆಲ ಇನ್ನೂ ತಣ್ಣಗಿದೆ. ಬೆರಳು ಹಾಕಿದರೆ ಮಣ್ಣು ಅಂಟುತ್ತದೆ. ನೀರು ಹಾಯಿಸಲು ಅವಸರವೇ ಇಲ್ಲ.

ಒಂದು ಕಡೆ ಮಾತ್ರ ಕೆಟ್ಟಿತು. ಕಟಾವು ಮಿಷನ್ ತಿರುಗಿದ ಜಾಗದಲ್ಲಿ ಹುಲ್ಲು ರಾಶಿ ಬಿದ್ದಿತ್ತು, ನಾನು ಹರಡಿರಲಿಲ್ಲ. ಅಲ್ಲಿ ಮೊಳಕೆ ಬೆಳ್ಳಗೆ ಸೊರಗಿ ಮೇಲೆ ಬರಲಾರದೆ ಕೂತಿದೆ. ಅದನ್ನು ದಿನಾ ಸ್ವಲ್ಪ ಸ್ವಲ್ಪ ಬಿಡಿಸುತ್ತಿದ್ದೇನೆ. ಹುಲ್ಲು ಬಿಟ್ಟರೆ ಮೊಳಕೆ ಏಳುವುದಿಲ್ಲ ಎಂದು ನೀನು ಯಾವಾಗಲೂ ಹೇಳುತ್ತಿದ್ದದ್ದರಲ್ಲಿ ಅಷ್ಟು ನಿಜ. ಬರೆದು ಇಟ್ಟುಕೋ, ಇನ್ನೊಂದು ಸಲ ಒಪ್ಪುವುದಿಲ್ಲ.

ಮೀಸೆ ಮಾವ, ಆ ಕಡೆಯ ಹೊಲದ ಅವಳಿ ಅಣ್ಣತಮ್ಮಂದಿರು, ಎಲ್ಲರೂ ಬೆಳಿಗ್ಗೆ ಬಂದು ಕೋಲಿನಿಂದ ನನ್ನ ಹುಲ್ಲನ್ನು ಎತ್ತಿ ನೋಡಿ ಹೋಗುತ್ತಾರೆ, ಪಾತ್ರೆಯ ಮುಚ್ಚಳ ಎತ್ತಿ ನೋಡುವ ಹಾಗೆ. ಅವರು ಇನ್ನೂ ತಮ್ಮ ಕೂಳೆಗೆ ಬೆಂಕಿ ಹಾಕಿಲ್ಲ. ನನ್ನ ಗೋಧಿ ಗಟ್ಟಿಯಾಗಿ ನಿಂತರೆ ತಾವೂ ಸುಡುವುದಿಲ್ಲ ಎಂದು ಒಪ್ಪಿಸಿದ್ದೇನೆ. ಹೇಗೆ ಒಪ್ಪಿಸಿದೆ ಎಂದು ಕೇಳಬೇಡ, ಗಂಟಲು ಬಿದ್ದುಹೋಗಿದೆ. ಈ ಎರಡು ಹೊಲದವರೂ ಸುಡದಿದ್ದರೆ ನಮ್ಮ ಮನೆಯ ಎರಡೂ ಪಕ್ಕ ಗಾಳಿ ತಿಳಿಯಾಗಿರುತ್ತದೆ. ಆಗ ನಿನ್ನನ್ನು ಕರೆತರಲು ಯಾರ ಅಡ್ಡಿಯೂ ಇರುವುದಿಲ್ಲ.

ಒಂದು ಸಸಿಯನ್ನು ಬೇರು ಸಮೇತ ಕಿತ್ತು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಫೋಟೋವನ್ನು ನೀನು ನಂಬಿರುವುದಿಲ್ಲ, ಇದನ್ನಾದರೂ ನಂಬು.

ಮಗಳು


ನವೆಂಬರ್ 14

ಮಗಳೇ,

ಸಸಿ ಬಂತು. ಬಾಡಿತ್ತು. ಕುಂಡದಲ್ಲಿ ಬೆಳೆಸಿ ಕಿತ್ತು ಕಳಿಸಿದ್ದೀಯ ಎಂದೇ ಮೊದಲು ಅಂದುಕೊಂಡೆ. ಗಾರ್ಡು ಪೇಪರ್ ಓದಲು ಇಟ್ಟುಕೊಂಡಿರುವ ಭೂತಗನ್ನಡಿ ಕೊಟ್ಟ. ಕಿಟಕಿಯ ಬಳಿ ಹಿಡಿದು ನೋಡಿದೆ. ಬೇರು ಹಳೆಯ ಭತ್ತದ ಬುಡದ ಒಳಗಿಂದಲೇ ತೂರಿಕೊಂಡು ಇಳಿದಿದೆ, ಎರಡೂ ಹೆಣೆದುಕೊಂಡಿವೆ. ಬಿಡಿಸಲು ನೋಡಿದೆ, ಬರಲಿಲ್ಲ. ಇದನ್ನು ಕುಂಡದಲ್ಲಿ ಮಾಡಲು ಯಾರಿಗೂ ಆಗುವುದಿಲ್ಲ.

ಗಾಳಿಯ ವಿಷಯ ಬರೆದಿದ್ದೀಯ. ಡಾಕ್ಟರಮ್ಮನೂ ಗಾಳಿ ಎಂದೇ ಹೇಳುತ್ತಿದ್ದರು. ಮೂರು ಸಲ ಓದಿದೆ.

ಈ ಪತ್ರ ಸಿಕ್ಕ ತಕ್ಷಣ ಪಂಪಿನವನ ಮನೆಗೆ ಓಡು. ಅವನ ಕೈಯಲ್ಲಿ ಬೆಂಕಿಪೊಟ್ಟಣ ಇದ್ದರೆ ಕಿತ್ತುಕೋ. ಯಾಕೆ ಎಂದು ಕೇಳಬೇಡ. ನರ್ಸಮ್ಮನ ಮೇಜಿನಿಂದ ಫೋನೂ ಮಾಡಿದೆ, ವಾರ್ಡೆಲ್ಲ ಕೇಳಿಸಿಕೊಂಡಿತು, ಕೇಳಿಸಿಕೊಳ್ಳಲಿ. ನೀನು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಇಬ್ಬರೂ ಒಟ್ಟಿಗೆ ಎತ್ತದಿರುವುದು ನನಗೆ ಸರಿ ಕಾಣುತ್ತಿಲ್ಲ.

ಅಪ್ಪ


ನವೆಂಬರ್ 14

ಅಪ್ಪ,

ನಿನ್ನ ಏರ್ಪಾಟು ಇವತ್ತು ಬೆಳಿಗ್ಗೆ ನಡೆಯಿತು.

ನಾನು ಹೊಲದ ಆ ಕೊನೆಯಲ್ಲಿ ಹುಲ್ಲಿನ ರಾಶಿ ಬಿಡಿಸುತ್ತಿದ್ದೆ. ಹೊಗೆಯ ವಾಸನೆ ಬಂತು. ತಿರುಗಿ ನೋಡಿದರೆ ರಸ್ತೆಯ ಬದಿಯ ಮೂಲೆಯಲ್ಲಿ ಪಂಪಿನ ಚಿಕ್ಕಪ್ಪ ನಿಂತಿದ್ದಾರೆ, ಕಾಲ ಬುಡದಲ್ಲಿ ಸೀಮೆಎಣ್ಣೆಯ ಡಬ್ಬಿ, ಮುಂದೆ ಬೆಂಕಿ. ಓಡಿ ಬರುವಷ್ಟರಲ್ಲಿ ಅದು ಸಾಲಿನ ಮೇಲೆ ಹತ್ತಿತ್ತು. "ನಿಮ್ಮಪ್ಪ ಬರೆದಿದ್ದಾನೆ ಪುಟ್ಟೀ. ಅವನ ಹೊಲ, ಅವನ ಮಾತು. ನಂದೇನೂ ಇಲ್ಲಮ್ಮ" ಎಂದರು. ನಾನು ಅವರ ಕಾಲ ಹತ್ತಿರದ ಹುಲ್ಲನ್ನು ಕಾಲಿನಿಂದ ಸರಿಸಿದೆ. ಕೆಳಗೆ ಗೋಧಿ ನೋಡಿದರು. "ಅಯ್ಯೋ, ಇತ್ತಾ ಇದು? ರಸ್ತೆಯಿಂದ ಏನೂ ಕಾಣ್ಲಿಲ್ವಲ್ಲೇ!" ಎಂದವರೇ ಕೋಟು ಬಿಚ್ಚಿ ಬೆಂಕಿಯ ಮೇಲೆ ಬಡಿಯತೊಡಗಿದರು. ನಾನು ಗೋಣಿಚೀಲದಿಂದ ಬಡಿದೆ. ಅವಳಿಗಳು ಕಾಲುವೆಯಿಂದ ನೀರು ಹೊತ್ತು ತಂದರು. ನಮ್ಮ ಅಂಗಳದಷ್ಟು ಜಾಗ ಕಪ್ಪಾಗಿದೆ. ಚಿಕ್ಕಪ್ಪನ ಬೂಟಿನ ಅಟ್ಟೆ ಕರಗಿಹೋಗಿದೆ. ಬದುವಿನ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ನಿನ್ನನ್ನು ಬೈಯುತ್ತಿದ್ದೇನೆ.

ಹೊಗೆ ಕಂಡು ಮೀಸೆ ಮಾವ ಬಂದರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ನಿಮ್ಮಪ್ಪನಿಗೇ ನಿನ್ನ ಹೊಲದ ಮೇಲೆ ನಂಬಿಕೆ ಇಲ್ಲ. ನಾನ್ಯಾಕಮ್ಮ ನಂಬ್ಲಿ? ಮುಂದಿನ ವಾರ ನಮ್ಮದಕ್ಕೆ ಬೆಂಕಿ ಹಾಕ್ತೀನಿ." ಇದಕ್ಕೆ ಉತ್ತರ ನಿನ್ನಲ್ಲಿದ್ದರೆ ಹೇಳು.

ಕಂಬದ ಹಿಂದೆ ಡಾಕ್ಟರಮ್ಮ ಹೇಳಿದ್ದು ಮಾತ್ರೆಯ ವಿಷಯವಲ್ಲ. "ನಿಮ್ಮ ತಂದೆಯ ಶ್ವಾಸಕೋಶ ಇನ್ನೊಂದು ವರ್ಷದ ಹೊಗೆ ತಡೆಯಲ್ಲ. ಮನೆ ಸುತ್ತ ಸುಡೋದೇ ಆದ್ರೆ ಕರ್ಕೊಂಡು ಹೋಗ್ಬೇಡಿ, ಚಳಿಗಾಲ ಪೂರ್ತಿ ಇಲ್ಲೇ ಇರ್ಲಿ" ಎಂದರು. ನೀನು ಬದುವಿನ ಮೇಲೆ ನಿಲ್ಲಬೇಕೆಂದು ಹಟ ಹಿಡಿದಿದ್ದೆ. ಅದಕ್ಕೇ ನಾನು ಸುಡದೆ ಗೋಧಿ ಬೆಳೆಯುವ ದಾರಿ ಹುಡುಕಿದೆ. ನಮ್ಮದೊಂದೇ ಸಾಲದು ಎಂದು ಅಕ್ಕಪಕ್ಕದ ಹೊಲದವರ ಮನೆ ಬಾಗಿಲಿಗೆ ಅಲೆದೆ. ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು "ನನಗೋಸ್ಕರ ಹೊಲ ಕೆಡಿಸಬೇಡ, ನಾನು ಇಲ್ಲೇ ಬಿದ್ದಿರ್ತೀನಿ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನಿನ್ನನ್ನು ನಾನು ಬಲ್ಲೆ. ನೀನು ನನ್ನನ್ನು ಬಲ್ಲೆ ಎಂದುಕೊಂಡಿದ್ದೆ.

ಇದಕ್ಕೆ ಟೇಪು ಸುತ್ತಿಲ್ಲ. ಯಾರು ಬೇಕಾದರೂ ಓದಲಿ.

ಮಗಳು


ನವೆಂಬರ್ 18

ಮಗಳೇ,

ನಿನ್ನ ಪತ್ರದ ಅರ್ಧ ನಾನು ಓದಿದೆ. ಉಳಿದರ್ಧವನ್ನು ಗಾರ್ಡಿಗೆ ಕೊಟ್ಟು ಓದಿಸಿದೆ, ನನಗೆ ಅಕ್ಷರ ಕಾಣಲಿಲ್ಲ. ಅವನು ಒಳ್ಳೆಯವನು. ಅವನ ಪರಿಚಯದ ಒಬ್ಬ ಟಿಕೆಟ್ ಕಲೆಕ್ಟರ್ ಇವತ್ತಿನ ರೈಲಿನಲ್ಲಿ ಆ ಕಡೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿದರೆ ತಡವಾಗುತ್ತದೆ. ಫೋನಿನಲ್ಲಿ ಹೇಳಿದರೆ ಮೀಸೆಯವನು ಕೇಳಿಸಲಿಲ್ಲ ಎನ್ನುತ್ತಾನೆ.

ನನಗೆ ನಾಚಿಕೆಯಾಗಿದೆ. ಆ ಮಾತನ್ನು ಬರೆಯಲು ಎರಡು ಹಾಳೆ ಹರಿದೆ.

ಕೆಳಗೆ ಬರೆದದ್ದನ್ನು ಅವರೆಲ್ಲರನ್ನೂ ಬದುವಿನ ಹತ್ತಿರ ಕರೆಸಿ ಗಟ್ಟಿಯಾಗಿ ಓದು. ಪೂರ್ತಿ ಓದು. ಬಿಟ್ಟರೆ ನನಗೆ ಗೊತ್ತಾಗುತ್ತದೆ.

ಮೀಸೆಯವನೇ, ಅವಳಿಗಳೇ, ಪಂಪಿನವನೇ,

ನಾನು ಯಾರನ್ನೂ ನಂಬುವ ಪೈಕಿಯವನಲ್ಲ ಎನ್ನುವುದು ನಿಮಗೆ ಹೊಸದಲ್ಲ. ಮೀಸೆ, ನಿನ್ನ ತಕ್ಕಡಿಯನ್ನು ನಾನು ನಂಬಿಲ್ಲ. ನಮ್ಮಿಬ್ಬರ ನಡುವಿನ ಗಡಿಕಲ್ಲನ್ನು ಪ್ರತಿ ವರ್ಷ ಹೋಗಿ ಅಲ್ಲಾಡಿಸಿ ನೋಡಿದ್ದೇನೆ. ಅವಳಿಗಳೇ, ನಿಮ್ಮಲ್ಲಿ ಯಾರು ಯಾರು ಎನ್ನುವುದನ್ನೂ ಇವತ್ತಿನವರೆಗೆ ನಂಬಿಲ್ಲ. ಬೆಂಕಿ ಹಾಕಿಸಿದ್ದು ನಾನು. ಅದು ಹೊಲದ ದೋಷವಲ್ಲ, ಪಂಪಿನವನ ದೋಷವೂ ಅಲ್ಲ. ಅವನಿಗೆ ಹೊಸ ಬೂಟು ನಾನು ಕೊಡಿಸುತ್ತೇನೆ.

ಈ ಹೊಲವನ್ನು ನಾನು ನಂಬುತ್ತೇನೆ. ಕಣ್ಣಿನಿಂದ ನೋಡದೆ ಒಂದು ವಿಷಯವನ್ನು ನಂಬುತ್ತಿರುವುದು ಇದೇ ಮೊದಲು. ಬೇಸಾಯದಲ್ಲಿ ನನ್ನ ಮಗಳು ನನ್ನನ್ನು ಮೀರಿಸಿದ್ದಾಳೆ, ಅವಳಂಥ ಮಗಳು ಇರುವಾಗ ನಾನು ಯಾತಕ್ಕೆ ಹೆದರಿದೆನೋ ತಿಳಿಯದು. ಮೀಸೆ, ನಿನ್ನ ಹೊಲ ನಿನ್ನದು. ಸುಡಲೇಬೇಕೆಂದರೆ ಸುಡು, ನಾನು ಇಲ್ಲೇ ಇರುತ್ತೇನೆ. ಆದರೆ ಕಡ್ಡಿ ಗೀರುವ ಮುಂಚೆ ಒಂದು ಸಲ ಅವಳ ಹುಲ್ಲನ್ನು ಸರಿಸಿ ನೋಡು. ಕೋಲಿನಿಂದಲ್ಲ, ಮಂಡಿಯೂರಿ ಕೈಯಿಂದ.

ಅಪ್ಪ


ನವೆಂಬರ್ 23

ಅಪ್ಪಾ,

ಓದಿದೆ. ಎಲ್ಲರೂ ಬಂದಿದ್ದರು. ಪಂಪಿನ ಚಿಕ್ಕಪ್ಪ ಚಪ್ಪಲಿಯಲ್ಲೇ ಬಂದರು. ಬೂಟಿನ ಮಾತು ಬಂದಾಗ ಎಲ್ಲರೂ ಅವರ ಕಾಲು ನೋಡಿದರು. ತಕ್ಕಡಿಯ ಸಾಲನ್ನು ತಲೆ ಎತ್ತದೆ ಓದಿದೆ. ಮೀಸೆ ಮಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಡಿಕಲ್ಲು ಅಲ್ಲಾಡಿಸಿ ನೋಡಿದ್ದು ಇವನಾ? ನಾನೂ ನೋಡ್ತಿದ್ದೆ ಕಣಮ್ಮ!" ಎಂದರು.

ಆಮೇಲೆ ಪಂಚೆ ಎತ್ತಿಕಟ್ಟಿ ಮಂಡಿಯೂರಿ ಕೂತರು. ಹುಲ್ಲು ಸರಿಸಿದರು. ಒಂದೊಂದೇ ಸಸಿಯ ಬುಡವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾ ಹೋದರು. ಎದ್ದು ಕೈ ಕೊಡವಿಕೊಂಡು, "ಆ ಮಿಷನ್ ಡ್ರೈವರ್ ನಾಳೆ ಬಿಡುವಾಗಿದ್ದಾನಾ ಕೇಳು. ಬೇಗ ಬರೋದು ಬೇಡ, ಇಬ್ಬನಿ ಆರಿದ ಮೇಲೆ ಬರ್ಲಿ" ಎಂದರು. ಅವಳಿಗಳು ಅದರ ಮರುದಿನಕ್ಕೆ ಹೇಳಿದ್ದಾರೆ. ಕಾಲುವೆಯ ಆಚೆಯವರು ಸುಡುತ್ತಲೇ ಇದ್ದಾರೆ, ಅವರ ಹತ್ತಿರ ನನ್ನ ಮಾತು ನಡೆಯಲಿಲ್ಲ. ಸಂಜೆ ಗಾಳಿ ತಿರುಗಿದರೆ ಕಿಟಕಿ ಮುಚ್ಚಬೇಕು. ಡಾಕ್ಟರಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅಷ್ಟಾದ್ರೆ ಕರ್ಕೊಂಡು ಹೋಗಿ, ಸಂಜೆ ಹೊರಗೆ ಬಿಡ್ಬೇಡಿ" ಎಂದರು.

ಗುರುವಾರ ಬರುತ್ತೇನೆ. ಗಾರ್ಡು ತಾತನಿಗೆ ಹೇಳು. ನಿನ್ನ ಮಫ್ಲರ್ ನಿಜವಾಗಿಯೂ ಸರಿಯಾಗಿರಲಿ. ಸುಟ್ಟ ಮೂಲೆಯನ್ನು ಮತ್ತೆ ಬಿತ್ತಿಲ್ಲ, ಅಲ್ಲಿ ನಿನ್ನ ಕುರ್ಚಿ ಹಾಕಿದ್ದೇನೆ. ಅಲ್ಲಿ ಕೂತರೆ ಸಾಲು ಆ ಕೊನೆಯವರೆಗೆ ಕಾಣುತ್ತದೆ.

ಪೂರ್ತಿ ಓದು ಎಂದಿದ್ದೆ. ಓದಲಿಲ್ಲ. ನನ್ನ ಬಗ್ಗೆ ಬರೆದ ಆ ಒಂದು ಸಾಲು ಬಂದಾಗ ಕೆಮ್ಮಿದ ಹಾಗೆ ಮಾಡಿ ಮುಂದಿನ ಸಾಲಿಗೆ ಹೋಗಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಅದನ್ನು ನೀನೇ ಬಂದು, ಅವರೆಲ್ಲರ ಎದುರಿಗೆ, ಬದುವಿನ ಮೇಲೆ ನಿಂತು ಹೇಳು.

ಮಗಳು